ನಮ್ಮೋರ ಹಾಸ್ಟೆಲ್ಲೋ, ಬೇರೆ ರೂಮೋ?

ಕಾಲೇಜುಗಳಲ್ಲಿ ಅಡ್ಮಿಷನ್ ಶುರುವಾಯಿತು ಅಂದರೆ ಈ ಅಂಕಣಕ್ಕೆ ಓದಿನ ಪ್ರಶ್ನೆ ಕಡಿಮೆ, ರೂಮಿನ ಪ್ರಶ್ನೆ ಜಾಸ್ತಿ ಬರುತ್ತವೆ. ಎಲ್ಲಿ ಉಳಿಯಬೇಕು, ಯಾರ ಜೊತೆ ಉಳಿಯಬೇಕು. ಈ ಸಲ ಅಂಥ ನಾಲ್ಕು ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ. ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ 19 ವರ್ಷ ವಾರ್ಡನ್ ಆಗಿದ್ದವಳು ನಾನು. ಅದಕ್ಕೂ ಮುಂಚೆ ಎರಡು ಹಾಸ್ಟೆಲ್‌ಗಳ ಅನ್ನ ಉಂಡು ಓದಿದವಳು. ಹಾಗಾಗಿ ಇವತ್ತು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮದ್ದೂರು ಹತ್ತಿರದ ಹಳ್ಳಿಯವರು. ಮಗಳಿಗೆ ಮೈಸೂರಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿದೆ. ನಮ್ಮ ಜನಾಂಗದ ಹಾಸ್ಟೆಲ್‌ನಲ್ಲಿ ಜಾಗ ಇದೆ. ಖರ್ಚು ಕಡಿಮೆ. ಯಜಮಾನರಿಗೆ ಗೊತ್ತಿರುವವರೊಬ್ಬರು ಅಲ್ಲೇ ಕೆಲಸದಲ್ಲಿದ್ದಾರೆ. ಆದರೆ ಮಗಳು ಸರಸ್ವತಿಪುರಂನಲ್ಲಿ ಒಂದು ಪಿಜಿ ನೋಡಿಕೊಂಡು ಬಂದಿದ್ದಾಳೆ. ಪಿಯುಸಿಯಲ್ಲಿ ಜೊತೆಗೆ ಓದಿದ ಇಬ್ಬರು ಗೆಳತಿಯರೂ ಅಲ್ಲೇ ಸೇರುತ್ತಾರಂತೆ. ಒಬ್ಬಳು ಕೊಡವರ ಹುಡುಗಿ, ಇನ್ನೊಬ್ಬಳು ಮಂಡ್ಯದ ಮುಸ್ಲಿಂ ಹುಡುಗಿ. 'ನಮ್ಮೋರ ಹಾಸ್ಟೆಲ್ ಇರುವಾಗ ಕಂಡೋರ ಜೊತೆ ಯಾಕೆ' ಎಂದು ಯಜಮಾನರು ಮಾತು ಬಿಟ್ಟಿದ್ದಾರೆ. ಮಗಳು ಊಟ ಬಿಟ್ಟಿದ್ದಾಳೆ. ನಡುವೆ ನಾನು. ಏನು ಮಾಡಲಿ?

ಉತ್ತರ: ಮೊದಲು ಮಗಳಿಗೆ ಊಟ ಮಾಡಿಸಿ, ತಾಯಿ. ಹಸಿದ ಹೊಟ್ಟೆಯಲ್ಲಿ ಮಾಡಿದ ತೀರ್ಮಾನ ಯಾವುದೂ ನಿಲ್ಲುವುದಿಲ್ಲ.

ನಿಮ್ಮ ಯಜಮಾನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 'ನಮ್ಮೋರ ಹಾಸ್ಟೆಲ್' ಎನ್ನುವಾಗ ಅವರ ಎದೆಯಲ್ಲಿ ಒಂದು ಹೆಮ್ಮೆ ಇದೆ. ಆ ಹೆಮ್ಮೆಗೆ ಕಾರಣವೂ ಇದೆ. ನೂರು ವರ್ಷದ ಹಿಂದೆ ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಹುಡುಗನಿಗೆ ಪಾಠಕ್ಕಿಂತ ದೊಡ್ಡ ಪ್ರಶ್ನೆ ಅನ್ನದ್ದು. ಬಡ ಬ್ರಾಹ್ಮಣರ ಹುಡುಗನಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರಲ್ಲೂ ಅವಮಾನ ಇತ್ತು, ಕಾದು ಕೂರುವುದಿತ್ತು. ಆದರೂ ಒಂದು ಎಲೆ ಹಾಕುತ್ತಿದ್ದರು. ಒಕ್ಕಲಿಗರ, ಲಿಂಗಾಯತರ, ಕುರುಬರ ಹುಡುಗನಿಗೆ ಆ ಎಲೆ ಇರಲಿಲ್ಲ. ಊರಾಚೆಯ ಕೇರಿಯಿಂದ ಬಂದವನಿಗಂತೂ ತಲೆ ಮೇಲೆ ಸೂರೂ ಇರಲಿಲ್ಲ. ಹೋಟೆಲಿನಲ್ಲೂ ಬ್ರಾಹ್ಮಣರಿಗೆ ಬೇರೆ ಜಾಗ ಇದ್ದ ಕಾಲ ಅದು.

ಆಗ ಒಬ್ಬೊಬ್ಬರೂ ತಮ್ಮವರಿಗಾಗಿ ಎದ್ದು ನಿಂತರು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಸ್ಥೆ ಶುರುವಾಯಿತು. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಓದುವ ಹುಡುಗರಿಗೆ ಊಟ, ವಸತಿ ಕೊಡಬೇಕೆಂಬ ಯೋಚನೆ ಇಂಥ ಸಂಘಗಳ ಜೊತೆಗೇ ಬೆಳೆಯಿತು. ನಮ್ಮ ಮೈಸೂರಿನ ತಾತಯ್ಯನವರು, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಗತಿ ಇಲ್ಲದ ವಿದ್ಯಾರ್ಥಿಗಳಿಗೆ ಅನಾಥಾಲಯ ಮಾಡಿದರು. ಸರ್ಕಾರಿ ಕೆಲಸವೆಲ್ಲ ಒಂದೇ ಕಡೆ ಸೇರಿಕೊಂಡಿದೆ ಎಂಬ ಕೂಗು ಎದ್ದಾಗ, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉಳಿದ ಜಾತಿಗಳಿಗೂ ಆ ಕೆಲಸಗಳಲ್ಲಿ ಪಾಲು ಕೊಡುವುದು ಹೇಗೆ ಎಂದು ನೋಡಲು ಮಿಲ್ಲರ್ ಸಮಿತಿ ನೇಮಿಸಿದರು. ಅದನ್ನು ಒಪ್ಪದೆ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆಯನ್ನೇ ಬಿಟ್ಟರು. ಅಷ್ಟು ದೊಡ್ಡ ಜಗಳದ ಬುಡದಲ್ಲಿ ಇದ್ದದ್ದು ಇದೇ, ಹಳ್ಳಿಯ ಹುಡುಗ ಪಟ್ಟಣದಲ್ಲಿ ಉಳಿದು ಓದುವುದು ಹೇಗೆ ಎಂಬುದು. ಊರಿನ ಬಾಗಿಲುಗಳು ತೆರೆಯದೆ ಹೋದಾಗ ಕಟ್ಟಿಕೊಂಡ ಬಾಗಿಲು ಈ ಜಾತಿ ಹಾಸ್ಟೆಲ್. ಅದನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನಾನೂ ಅದೇ ಬಾಗಿಲಿನಿಂದ ಒಳಗೆ ಬಂದವಳು. ನಮ್ಮದು ಬನ್ನೂರು ಕಡೆ. 1976ರಲ್ಲಿ ಅಪ್ಪ ಎರಡು ಕುರಿ ಮಾರಿ ನಮ್ಮ ಜನಾಂಗದ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ದುಡ್ಡು ಕಟ್ಟಿದರು. ಅಲ್ಲಿನ ದೊಡ್ಡ ಹುಡುಗಿಯರು ನನಗೆ ಇಂಗ್ಲಿಷ್ ಹೇಳಿಕೊಟ್ಟರು, ಸೀರೆ ನೆರಿಗೆ ಹಿಡಿಯುವುದು ಹೇಳಿಕೊಟ್ಟರು, ಬ್ಯಾಂಕಿನ ಚಲನ್ ತುಂಬುವುದು ಹೇಳಿಕೊಟ್ಟರು. ಆ ಹಾಸ್ಟೆಲ್ ಇಲ್ಲದಿದ್ದರೆ ನಾನು ಈ ಪತ್ರಕ್ಕೆ ಉತ್ತರ ಬರೆಯುವ ಜಾಗದಲ್ಲಿ ಇರುತ್ತಿರಲಿಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು. ಮೂರು ವರ್ಷದಲ್ಲಿ ನಾನು ಬೇರೆ ಜನರ ಒಬ್ಬ ಹುಡುಗಿಯ ಮನೆಗೂ ಹೋಗಲಿಲ್ಲ. ಕಾಲೇಜಿನಲ್ಲೂ ನಮ್ಮ ಹಾಸ್ಟೆಲ್‌ನವರು ಒಂದೇ ಬೆಂಚು. ಊರಿನಲ್ಲಿ ಕೇಳಿದ ಮಾತನ್ನೇ ಮೈಸೂರಿನಲ್ಲೂ ಕೇಳಿದೆ. ಯಾರು ನಮಗಿಂತ ಮೇಲು, ಯಾರು ಕೀಳು, ಯಾರ ಮನೆಯಲ್ಲಿ ನೀರು ಕುಡಿಯಬಾರದು. ಭಾನುವಾರ ಗಂಡಿನ ಕಡೆಯವರು ಬಂದು ಹುಡುಗಿಯರನ್ನು ನೋಡಿಕೊಂಡು ಹೋಗುತ್ತಿದ್ದರು. ಊರು ಬಿಟ್ಟು 30 ಕಿಲೋಮೀಟರ್ ಬಂದಿದ್ದೆ, ಕೇರಿ ಬಿಟ್ಟು ಬಂದಿರಲಿಲ್ಲ.

1979ರಲ್ಲಿ ಎಂ.ಎ.ಗೆ ಮಾನಸಗಂಗೋತ್ರಿ ಸೇರಿದೆ. ಅಲ್ಲಿನ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಆಗಿ ಬಂದವಳು ಕೊಳ್ಳೇಗಾಲ ಕಡೆಯ ಹುಡುಗಿ. ಅವಳ ಜನ ಯಾವುದು ಎಂದು ಮೊದಲ ದಿನವೇ ಗೊತ್ತಾಯಿತು. ನಾನೇ ಕೇಳಿದ್ದೆ. ಅವಳು ದಲಿತರ ಮನೆಯವಳು. ಅವಳು ಹೇಳಿದ ಮೇಲೆ ನಾನು ನನ್ನ ನೀರಿನ ಕೊಡ, ಲೋಟ ಎರಡನ್ನೂ ನನ್ನ ಮಂಚದ ಈ ಕಡೆಗೆ ಎಳೆದುಕೊಂಡೆ. ಅವಳು ನೋಡಿದಳು. ಏನೂ ಹೇಳಲಿಲ್ಲ. ಅವಳ ಆ ನೋಟ ನೆನಪಾದರೆ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ.

ನಮ್ಮಿಬ್ಬರನ್ನೂ ಹತ್ತಿರ ತಂದದ್ದು ಉಪದೇಶವಲ್ಲ, ಒಂದು ಪುಸ್ತಕ. ಲೈಬ್ರರಿಯಲ್ಲಿ ಅದರ ಒಂದೇ ಪ್ರತಿ ಇತ್ತು. ಇಬ್ಬರಿಗೂ ಬೇಕಿತ್ತು. ಹಾಗಾಗಿ ರಾತ್ರಿ ಒಬ್ಬಳು ಗಟ್ಟಿಯಾಗಿ ಓದುವುದು, ಇನ್ನೊಬ್ಬಳು ನೋಟ್ಸ್ ಬರೆಯುವುದು. ಗಂಟಲು ಒಣಗಿದರೆ ಕೈಗೆ ಸಿಕ್ಕ ಲೋಟದಲ್ಲಿ ನೀರು. ಯಾವತ್ತು ಲೋಟ ಅದಲುಬದಲಾಯಿತೋ ನನಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಆಗ ಎಲ್ಲರ ಮನೆಯಲ್ಲೂ ಸ್ಟೀಲ್ ಲೋಟದ ಮೇಲೆ ಹೆಸರು ಕೊರೆಸುತ್ತಿದ್ದರು, ನೆನಪಿದೆಯಾ? ವರ್ಷದ ಕೊನೆಗೆ ಟ್ರಂಕು ತುಂಬಿಕೊಂಡು ಊರಿಗೆ ಹೋದೆ. ಅಮ್ಮ ಪಾತ್ರೆ ತೊಳೆಯುತ್ತಾ 'ಇದ್ಯಾರ ಹೆಸರೇ' ಎಂದರು. ಹೇಳಿದೆ. ಯಾವ ಜನ ಎಂದರು. ಅದನ್ನೂ ಹೇಳಿದೆ. ಅಮ್ಮ ಆ ಲೋಟವನ್ನು ಒಳಮನೆಗೆ ತರಲಿಲ್ಲ. ಕೊಟ್ಟಿಗೆಯ ಗೂಡಿನಲ್ಲಿ ಇಟ್ಟುಬಿಟ್ಟರು. ಮಾರನೇ ದಿನ ನಾನೇ ಹೋಗಿ ತಂದುಕೊಂಡೆ. ಈಗಲೂ ನನ್ನ ಹತ್ತಿರ ಇದೆ.

ಈಗ ನಿಮ್ಮ ಮಗಳ ವಿಷಯ. ದುಡ್ಡಿನ ಕಷ್ಟ ಇದ್ದರೆ ಹಾಸ್ಟೆಲ್‌ಗೇ ಸೇರಿಸಿ. ಅದರಲ್ಲಿ ತಪ್ಪೇನೂ ಇಲ್ಲ, ಮಗಳಿಗೂ ಹಾಗೆಯೇ ಬಿಡಿಸಿ ಹೇಳಿ. ಆದರೆ ನಿಮ್ಮ ಪತ್ರ ಓದಿದರೆ ದುಡ್ಡು ಹೊಂದಿಸಬಹುದು, ಮನಸ್ಸು ಹೊಂದುತ್ತಿಲ್ಲ ಅನಿಸುತ್ತದೆ. ಹಾಗಿದ್ದರೆ ಗೆಳತಿಯರ ಜೊತೆ ಕಳಿಸಿ. ಎರಡು ವರ್ಷ ಒಟ್ಟಿಗೆ ಓದಿ, ಒಬ್ಬರ ಗುಣ ಒಬ್ಬರು ಕಂಡು, ಜೊತೆಗಿರೋಣ ಎಂದುಕೊಂಡ ಮೂರು ಹುಡುಗಿಯರು ಅವರು. ನಿಮ್ಮ ಯಜಮಾನರಿಗೆ ಪರಿಚಯದವರು ಹಾಸ್ಟೆಲ್ ಆಫೀಸಿನಲ್ಲಿ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದರೆ ಏಳುವವಳು ಪಕ್ಕದ ಮಂಚದವಳು.

ಒಂದು ಕೆಲಸ ಮಾಡಿ. ಮೂವರು ಹುಡುಗಿಯರ ಅಪ್ಪಂದಿರೂ ಒಂದು ಭಾನುವಾರ ಒಟ್ಟಿಗೆ ಹೋಗಿ ಆ ಪಿಜಿ ನೋಡಿಬರಲಿ. ನೀರು ಎಷ್ಟು ಹೊತ್ತು ಬರುತ್ತದೆ, ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ, ಬಾತ್‌ರೂಮು ಎಷ್ಟು ಜನಕ್ಕೆ, ಅಡ್ವಾನ್ಸ್‌ಗೆ ರಸೀದಿ ಕೊಡುತ್ತಾರಾ, ಎಲ್ಲ ಕೇಳಲಿ. ಆಮೇಲೆ ಮೂವರೂ ಎಲ್ಲಾದರೂ ಕೂತು ದೋಸೆ ತಿಂದು ಬರಲಿ. ನಿಮ್ಮ ಯಜಮಾನರಿಗೆ 'ಕಂಡೋರು' ಅನ್ನುವ ಆ ಇಬ್ಬರಿಗೂ ತಮ್ಮ ಹಾಗೇ ಮಗಳ ಚಿಂತೆ ಇದೆ ಎಂದು ಕಂಡರೆ ಅರ್ಧ ಮಾತು ಮುಗಿಯಿತು.

ಹುಡುಗಿಯರಿಗೂ ಒಂದು ಮಾತು. ಮೊದಲ ವಾರವೇ ಊಟದ ವಿಷಯ ಬಿಚ್ಚಿ ಮಾತಾಡಿಕೊಳ್ಳಿ. ಕೊಡವರ ಮನೆಯಲ್ಲಿ ಪಂದಿ ಕರಿ ಹಬ್ಬದಡುಗೆ. ಮುಸ್ಲಿಂ ಗೆಳತಿಗೆ ಅದು ನಿಷಿದ್ಧ. ಊರಿನಿಂದ ಡಬ್ಬಿ ಬಂದರೆ ಎಲ್ಲಿ ತಿನ್ನುವುದು, ಯಾವ ಪಾತ್ರೆ ಬಳಸುವುದು ಎಂದು ಮುಂಚೆಯೇ ಗೊತ್ತಿರಲಿ. ರಂಜಾನ್ ತಿಂಗಳಲ್ಲಿ ಬೆಳಗಿನ ಜಾವ ಅಲಾರಂ ಹೊಡೆಯುತ್ತದೆ, ಅದಕ್ಕೂ ಸಿದ್ಧವಾಗಿರಿ. ಊಟದ ನೇಮಕ್ಕೆ ಪಾತ್ರೆ ಬೇರೆ ಇಡುವುದೇ ಬೇರೆ, ಮನುಷ್ಯರಿಗೆ ಹೇಸಿ ಲೋಟ ಬೇರೆ ಇಡುವುದೇ ಬೇರೆ. ಈ ವ್ಯತ್ಯಾಸ ನಾನು ತಡವಾಗಿ ಕಲಿತೆ. ಅವರಿಗೆ ಬೇಗ ತಿಳಿಯಲಿ.

ಪ್ರಶ್ನೆ: ನಾನು ಯಳಂದೂರು ತಾಲ್ಲೂಕಿನವನು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ರೂಮು ಹುಡುಕಿಕೊಂಡು ಮೂರು ಬಡಾವಣೆ ಸುತ್ತಿದೆ. ಎಲ್ಲ ಕಡೆ ಓನರ್ ಕೇಳುವ ಎರಡನೇ ಪ್ರಶ್ನೆ 'ನೀವು ಏನವರು'. ಹೇಳಿದ ಮೇಲೆ 'ನಾಳೆ ಫೋನ್ ಮಾಡ್ತೀವಿ' ಅನ್ನುತ್ತಾರೆ. ಬೇರೆ ಜಾತಿ ಹೇಳು, ಯಾರು ಚೆಕ್ ಮಾಡ್ತಾರೆ ಅಂತ ಗೆಳೆಯ ಹೇಳಿದ. ಮನಸ್ಸಾಗಲಿಲ್ಲ. ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸೇರಿದೆ. ಈಗ ಕ್ಲಾಸಿನವರು 'ನೀವೆಲ್ಲ ನಿಮ್ಮವರ ಜೊತೆಯೇ ಇರ್ತೀರಲ್ಲ' ಅನ್ನುತ್ತಾರೆ. ಏನು ಹೇಳಬೇಕು ತಿಳಿಯದೆ ಸುಮ್ಮನಾಗುತ್ತೇನೆ.

ಉತ್ತರ: ಸುಳ್ಳು ಹೇಳಲು ನಿನಗೆ ಮನಸ್ಸಾಗಲಿಲ್ಲ ಅಂದೆಯಲ್ಲ, ಅದಕ್ಕೆ ನಿನ್ನನ್ನು ಮೆಚ್ಚುತ್ತೇನೆ ಮಗು. ಆದರೆ ಸುಳ್ಳು ಹೇಳಿ ರೂಮು ಹಿಡಿದವರನ್ನು ನಾನು ಬೈಯುವುದಿಲ್ಲ. 1917ರಲ್ಲಿ ಅಂಬೇಡ್ಕರ್ ಅಮೆರಿಕದಲ್ಲಿ ಓದಿಬಂದು ಬರೋಡಾದಲ್ಲಿ ದೊಡ್ಡ ಕೆಲಸಕ್ಕೆ ಸೇರಿದರು. ಉಳಿಯಲು ಒಂದು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಸೇರಿದರು. ಕೆಲವೇ ದಿನಕ್ಕೆ ಗೊತ್ತಾಯಿತು. ಕೋಲು ಹಿಡಿದ ಜನ ಬಂದು ನಿಂತರು, ಸಂಜೆಯೊಳಗೆ ಖಾಲಿ ಮಾಡು ಎಂದರು. ಅಷ್ಟು ಓದಿದ ಮನುಷ್ಯ ಒಂದು ಪಾರ್ಕಿನಲ್ಲಿ ಕೂತು ಅತ್ತರು. ಸುಳ್ಳು ಹೇಳಿದ್ದಕ್ಕೆ ನಾಚಬೇಕಾದವರು ಅವರಲ್ಲ. ಆ ಸುಳ್ಳು ಹೇಳುವಂತೆ ಮಾಡಿದ ಊರು.

ಇನ್ನು ಕ್ಲಾಸಿನವರ ಮಾತು. ಅವರಿಗೆ ನೀನು ಬರೆದ ಇದೇ ಪತ್ರವನ್ನು ಓದಿ ಹೇಳು. 'ನಾನು ಮೂರು ಬಡಾವಣೆ ಸುತ್ತಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ರೂಮು ಖಾಲಿ ಇದೆಯಾ?' ಎಂದು ಕೇಳು. ಜಗಳ ಮಾಡಬೇಕಿಲ್ಲ, ಸಮಾಧಾನವಾಗಿಯೇ ಕೇಳು. ಬಾಗಿಲು ಹಾಕಿಕೊಂಡು ಒಳಗೆ ಕೂತವನನ್ನೂ, ಬಾಗಿಲು ಹಾಕಿಸಿಕೊಂಡು ಹೊರಗೆ ನಿಂತವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರಲ್ಲ, ನನಗೆ ಹೊಟ್ಟೆ ಉರಿಯುತ್ತದೆ.

ಕಾನೂನು ನಿನ್ನ ಕಡೆ ಇದೆ, ತಿಳಿದಿರಲಿ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಇರುವುದಕ್ಕೆ ಅಡ್ಡಿ ಮಾಡುವುದು ಅಪರಾಧ. ವಿದ್ಯಾಸಂಸ್ಥೆಯ ಹಾಸ್ಟೆಲ್‌ನಲ್ಲಿ ಜಾಗ ಕೊಡದಿರುವುದೂ ಅಪರಾಧ. ಕಾಲೇಜಿನೊಳಗೆ ಏನಾದರೂ ನಡೆದರೆ ದೂರು ಹೇಳಲು ಸಮಾನ ಅವಕಾಶ ಕೇಂದ್ರ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ಆದರೆ 'ನಾಳೆ ಫೋನ್ ಮಾಡ್ತೀವಿ' ಅನ್ನುವವರನ್ನು ಹಿಡಿಯುವುದು ಕಷ್ಟ. ಅವರು ಯಾವ ಕಾಗದದಲ್ಲೂ ಏನನ್ನೂ ಬರೆಯುವುದಿಲ್ಲ.

ಈ ಅಂಕಣ ಓದುವ ಮೈಸೂರಿನ ಮನೆ ಓನರ್‌ಗಳಿಗೆ ಇಲ್ಲೇ ಹೇಳುತ್ತೇನೆ. ನಿಮ್ಮ ಮಕ್ಕಳೂ ಬೆಂಗಳೂರು, ಪುಣೆ, ಅಮೆರಿಕ ಎಂದು ಊರೂರು ರೂಮು ಹುಡುಕುತ್ತಿದ್ದಾರೆ. ಬಾಡಿಗೆ ಸರಿಯಾಗಿ ಕೊಡುತ್ತಾನಾ, ಮನೆ ಚೊಕ್ಕವಾಗಿ ಇಡುತ್ತಾನಾ ಎಂದು ಕೇಳಿ. ಕಾಲೇಜಿನ ಐಡಿ ಕೇಳಿ. ಅಷ್ಟು ಸಾಕು.

ಹಾಸ್ಟೆಲ್‌ನಲ್ಲಿ ಚೆನ್ನಾಗಿ ಓದು. ಜೊತೆಯ ಹುಡುಗರ ಕೈ ಹಿಡಿದುಕೋ, ಅವರು ನಿನ್ನ ಬಲ. ಲ್ಯಾಬಿನಲ್ಲಿ ಮಾತ್ರ ನಿಮ್ಮವರದ್ದೇ ಗುಂಪು ಮಾಡಿಕೊಳ್ಳಬೇಡ. ರೂಮು ಕೊಡುವುದು ಬಿಡುವುದು ಬೇರೆಯವರ ಕೈಯಲ್ಲಿತ್ತು. ಲ್ಯಾಬಿನ ಟೇಬಲ್ ನಿನ್ನ ಕೈಯಲ್ಲಿದೆ.

ಪ್ರಶ್ನೆ: ನಾವು ಕುವೆಂಪುನಗರದ ನಿವಾಸಿಗಳು. ಮಗ ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. ನಾಲ್ಕು ಹುಡುಗರು ಸೇರಿ ಅಪಾರ್ಟ್‌ಮೆಂಟ್ ಮಾಡಿದ್ದಾರೆ. ಇಬ್ಬರು ಕನ್ನಡದವರು, ಇಬ್ಬರು ತೆಲುಗಿನವರು. ಅಲ್ಲೂ ಅನ್ನ ಸಾರು, ಅಲ್ಲೂ ಕ್ರಿಕೆಟ್. ಅಷ್ಟು ದೂರ ಹೋಗಿ ಪ್ರಯೋಜನ ಏನು ಎಂದು ನನ್ನ ತಮ್ಮ ಹೇಳುತ್ತಾನೆ. ನನಗೂ ಹಾಗೇ ಅನಿಸುತ್ತಿದೆ.

ಉತ್ತರ: ಮಗ ಹೋಗಿ ಎಷ್ಟು ತಿಂಗಳಾಯಿತು ಎಂದು ನೀವು ಬರೆದಿಲ್ಲ, ಸಾರ್. ಮೊದಲ ವರ್ಷವಾದರೆ ಸುಮ್ನೆ ಬಿಡಿ. ಹೊಸ ದೇಶ, ಹೊಸ ಚಳಿ. ಸಂಜೆ ಬಂದರೆ ಒಂದು ತಟ್ಟೆ ಸಾರನ್ನ, ಕನ್ನಡದಲ್ಲಿ ನಾಲ್ಕು ಮಾತು ಬೇಕಾಗುತ್ತದೆ.

ಮೇಲೆ ಅಂಬೇಡ್ಕರ್ ವಿಷಯ ಬರೆದೆ. ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಏನಾಯಿತು ನೋಡಿ. ಮೊದಲು ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರಿದರು. ಊಟ ಹಿಡಿಸಲಿಲ್ಲ. ಭಾರತದ ವಿದ್ಯಾರ್ಥಿಗಳು ಇದ್ದ ಒಂದು ಕ್ಲಬ್ಬಿಗೆ ಹೋದರು. ಅಲ್ಲಿ ಸುಧಾರಿಸಿಕೊಂಡು ಮತ್ತೆ ಹಾಸ್ಟೆಲ್‌ಗೆ ಬಂದರು, ನವಲ್ ಭತೇನಾ ಎಂಬ ಪಾರ್ಸಿ ಹುಡುಗನ ಜೊತೆ. ಆ ಗೆಳೆತನ ಕೊನೆವರೆಗೂ ಇತ್ತು. ಮುಂದೆ ಲಂಡನ್ನಿಗೆ ಓದಲು ಹೋಗುವಾಗ ದುಡ್ಡು ಸಾಲ ಕೊಟ್ಟವರಲ್ಲಿ ಅವರೂ ಒಬ್ಬರು. ಒಂದೇ ಸಮುದಾಯದವರು ಬರೋಡಾದಲ್ಲಿ ಕೋಲು ಹಿಡಿದು ಬಂದರು, ನ್ಯೂಯಾರ್ಕಿನಲ್ಲಿ ಹೆಗಲು ಕೊಟ್ಟರು. ಒಟ್ಟಿಗೆ ಇದ್ದು ನೋಡಿದವನಿಗೆ ಮಾತ್ರ ಎದುರಿಗಿರುವವನು ಎಂಥವನು ಎಂದು ತಿಳಿಯಿತು.

ನಿಮ್ಮ ಮಗ ಇರುವ ದೇಶದಲ್ಲೂ ಈ ಚರ್ಚೆ ಹಳೆಯದು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ 'ಉಜಾಮಾ' ಎಂಬ ಹಾಸ್ಟೆಲ್ ಶುರುವಾಯಿತು. ಕಪ್ಪು ಜನರ ಬದುಕು, ಸಂಸ್ಕೃತಿಯನ್ನು ನಡುವೆ ಇಟ್ಟುಕೊಂಡ ಹಾಸ್ಟೆಲ್ ಅದು. ಇದು ಪ್ರತ್ಯೇಕತೆ ಅಲ್ವಾ ಎಂದು ಕೇಳುವವರು ಅವತ್ತೂ ಇದ್ದರು, ಇವತ್ತೂ ಇದ್ದಾರೆ. ನಮ್ಮ ಜಾತಿ ಹಾಸ್ಟೆಲ್‌ಗಳ ಇತಿಹಾಸ ಬಲ್ಲ ನನಗೆ ಅದು ಹುಟ್ಟಿದ ಕಾರಣ ಅರ್ಥವಾಗುತ್ತದೆ. ಹಾರ್ವರ್ಡ್‌ನಲ್ಲಿ ಹಿಂದೆ ಹುಡುಗರು ತಮಗೆ ಇಷ್ಟವಾದ ಹಾಸ್ಟೆಲ್ ಹೇಳಬಹುದಿತ್ತು. ಹಾಗಾಗಿ ಒಂದೊಂದು ಹಾಸ್ಟೆಲ್ ಒಂದೊಂದು ಥರದವರ ಅಡ್ಡೆಯಾಯಿತು. 1996ರಿಂದ ಅದನ್ನು ನಿಲ್ಲಿಸಿ ಚೀಟಿ ಎತ್ತಿದ ಹಾಗೆ ಹಂಚಿದರು. ಆದರೆ ಹತ್ತಿರದ ಗೆಳೆಯರು ಒಂದು ಗುಂಪಾಗಿ ಒಟ್ಟಿಗೆ ಹೋಗಲು ಬಿಟ್ಟರು. ಡ್ಯೂಕ್ ವಿಶ್ವವಿದ್ಯಾಲಯ 2018ರಿಂದ ಹೊಸಬರಿಗೆ ರೂಮ್‌ಮೇಟ್ ಆರಿಸಿಕೊಳ್ಳುವ ಅವಕಾಶವನ್ನೇ ತೆಗೆಯಿತು. ಇದರಿಂದ ಏನಾದರೂ ಆಗುತ್ತದಾ? ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಹೀಗೆ ಹಂಚಿದ ರೂಮುಗಳನ್ನು ಸಂಶೋಧಕರು ಹಿಂಬಾಲಿಸಿದರು. 2022ರಲ್ಲಿ ಅದು ಪ್ರಕಟವಾಯಿತು. ಬೇರೆ ಬಣ್ಣದ ರೂಮ್‌ಮೇಟ್ ಸಿಕ್ಕ ಬಿಳಿಯ ಹುಡುಗರಲ್ಲಿ ಕಪ್ಪು ಜನರ ಬಗೆಗಿನ ಕೆಟ್ಟ ಅಭಿಪ್ರಾಯ ಇಳಿದಿತ್ತು. ಹಾಗೆ ಬೆರೆತ ರೂಮಿನಲ್ಲಿದ್ದ ಕಪ್ಪು ಹುಡುಗರು ಓದಿನಲ್ಲಿ ಮೇಲೆ ಬಂದಿದ್ದರು.

ಎರಡನೇ ವರ್ಷ ಮನೆ ಬದಲಿಸುವಾಗ ಮಗನಿಗೆ ಒಂದು ಮಾತು ಹೇಳಿ ನೋಡಿ. ನಾಲ್ವರಲ್ಲಿ ಒಬ್ಬನಾದರೂ ಬೇರೆ ದೇಶದವನು ಇರಲಿ. ಸಾರಿನ ಪುಡಿ ನೀವು ಇಲ್ಲಿಂದ ಕಳಿಸುತ್ತಲೇ ಇರಿ.

ಪ್ರಶ್ನೆ: ನಾನು ಎಂ.ಕಾಂ. ವಿದ್ಯಾರ್ಥಿನಿ, ಊರು ಪಾಂಡವಪುರ. ನಮ್ಮ ಹಾಸ್ಟೆಲ್‌ನಲ್ಲಿ ಈಶಾನ್ಯ ರಾಜ್ಯಗಳವರು, ಟಿಬೆಟ್‌ನವರು ಸೇರಿ ಹತ್ತು ಜನ ಇದ್ದಾರೆ. ಅವರು ಯಾವಾಗಲೂ ಒಂದೇ ಟೇಬಲ್, ಒಂದೇ ಗುಂಪು. ನಮ್ಮ ಜೊತೆ ಬೆರೆಯುವುದೇ ಇಲ್ಲ. ಮಾತಾಡಿಸಬೇಕು ಅಂತ ಆಸೆ, ಹೇಗೆ ಶುರು ಮಾಡುವುದು ಗೊತ್ತಾಗುತ್ತಿಲ್ಲ.

ಉತ್ತರ: ನಿನ್ನ ಪತ್ರ ಓದಿ ತುಂಬಾ ಸಂತೋಷವಾಯಿತು ಕಣಮ್ಮ. ಬೆರೆಯುವುದಿಲ್ಲ ಎಂದು ದೂರುವವರು ಬೇಕಾದಷ್ಟು ಜನ. ಹೇಗೆ ಶುರು ಮಾಡಲಿ ಎಂದು ಕೇಳಿದವಳು ನೀನೊಬ್ಬಳೇ.

2012ರ ಆಗಸ್ಟ್ ನಿನಗೆ ನೆನಪಿರಲಿಕ್ಕಿಲ್ಲ, ಆಗ ನೀನು ಚಿಕ್ಕವಳು. ಈಶಾನ್ಯದವರ ಮೇಲೆ ಹಲ್ಲೆ ಮಾಡುತ್ತಾರೆ ಎಂದು ಮೊಬೈಲ್‌ಗಳಲ್ಲಿ ಎಸ್ಸೆಮ್ಮೆಸ್ ಹರಿದಾಡಿದವು. ಇದೇ ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಚೂರಿ ಹಾಕಿದರು. ಬೆಂಗಳೂರಿನಿಂದ ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಗುಂಪು ಎಸ್ಸೆಮ್ಮೆಸ್‌ಗೆ ಸರ್ಕಾರ ದಿನಕ್ಕೆ ಐದರ ಮಿತಿ ಹಾಕಿತು.

ಆಗ ನನ್ನ ಹಾಸ್ಟೆಲ್‌ನಲ್ಲಿ ಈಶಾನ್ಯದ ಏಳು ಹುಡುಗಿಯರಿದ್ದರು. ಐವರನ್ನು ಒಂದೇ ಸಾಲಿನ ರೂಮುಗಳಲ್ಲಿ ಇಟ್ಟಿದ್ದೆ. ಅವರವರ ಜೊತೆ ಇದ್ದರೆ ಹಾಯಾಗಿರುತ್ತಾರೆ ಎಂದುಕೊಂಡು ಹಾಗೆ ಹಂಚಿದವಳು ನಾನೇ. ಜಾಗ ಸಾಲದೆ ಇಬ್ಬರನ್ನು ಕೆಳಗಿನ ಮಹಡಿಯಲ್ಲಿ ಟಿ. ನರಸೀಪುರ ಕಡೆಯ ಹುಡುಗಿಯೊಬ್ಬಳ ರೂಮಿಗೆ ಹಾಕಿದ್ದೆ. ಆ ರಾತ್ರಿ ಮೇಲಿನ ಐವರೂ ಬಾಗಿಲು ಹಾಕಿಕೊಂಡು ಕೂತರು. ಮಹಡಿಯ ಉಳಿದ ಹುಡುಗಿಯರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಯಾರ ಹತ್ತಿರವೂ ಅವರ ನಂಬರ್ ಇರಲಿಲ್ಲ. ಕೆಳಗಿನ ರೂಮಿನಲ್ಲಿ ನರಸೀಪುರದ ಹುಡುಗಿ ಅಪ್ಪನಿಗೆ ಫೋನ್ ಮಾಡಿದಳು. ಬೆಳಿಗ್ಗೆ ಆರಕ್ಕೇ ಆ ರೈತ ಗೇಟಿನ ಹತ್ತಿರ ಬಂದು ನಿಂತಿದ್ದರು. ಮೂವರನ್ನೂ ಊರಿಗೆ ಕರೆದುಕೊಂಡು ಹೋಗಿ ಹತ್ತು ದಿನ ಮನೆಯಲ್ಲಿ ಇಟ್ಟುಕೊಂಡರು. ಮೇಲಿನ ಐವರಲ್ಲಿ ಮೂವರು ರೈಲು ಹತ್ತಿದರು. ಇಬ್ಬರು ವಾಪಸ್ ಬಂದರು. ಒಬ್ಬಳು ಬರಲೇ ಇಲ್ಲ. ಅವಳ ಸೂಟ್‌ಕೇಸ್ ಡಿಸೆಂಬರ್‌ವರೆಗೂ ನನ್ನ ಆಫೀಸಿನ ಮೂಲೆಯಲ್ಲಿತ್ತು.

ಮುಂದಿನ ವರ್ಷದಿಂದ ರೂಮು ಹಂಚುವ ಕ್ರಮ ಬದಲಿಸಿದೆ. ನಾಲ್ಕು ಮಂಚದ ರೂಮು. ಒಬ್ಬ ಗೆಳತಿಯನ್ನು ನೀನೇ ಆರಿಸಿಕೋ. ಉಳಿದ ಇಬ್ಬರು ಚೀಟಿಯಲ್ಲಿ ಬಂದವರು. ನಿನ್ನ ಭಾಷೆ ಮಾತಾಡುವವಳು ಒಬ್ಬಳು ಬೇಕೇ ಬೇಕು, ಅದನ್ನು ಕಿತ್ತುಕೊಳ್ಳಬಾರದು. ಮೊದಲ ತಿಂಗಳು ಅಮ್ಮಂದಿರು ಬಂದು ಜಗಳ ಮಾಡಿದರು. ನನಗೆ ಬೇಸರವಾಗಲಿಲ್ಲ. ನನ್ನ ಅಮ್ಮನೂ ಲೋಟವನ್ನು ಕೊಟ್ಟಿಗೆಯಲ್ಲಿ ಇಟ್ಟವರೇ.

ಬರೀ ಒಂದೇ ರೂಮಿನಲ್ಲಿ ಇಟ್ಟರೆ ಸಾಲದು, ಒಂದು ಕೆಲಸವನ್ನು ಒಟ್ಟಿಗೆ ಮಾಡಬೇಕು. ಉತ್ತರ ಪ್ರದೇಶದಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರು ಹುಡುಗರಿಗೆ ಕ್ರಿಕೆಟ್ ಲೀಗ್ ಮಾಡಿಸಿ ನೋಡಿದರು. ಬೇರೆ ಜಾತಿಯವರ ಜೊತೆ ಒಂದೇ ಟೀಮಿನಲ್ಲಿ ಆಡಿದವರ ನಡುವೆ ಗೆಳೆತನ ಬೆಳೆಯಿತು. ಅವರ ಎದುರು ಆಡಿದವರಲ್ಲಿ ಹಾಗಾಗಲಿಲ್ಲ. ನನ್ನ ಹಾಸ್ಟೆಲ್‌ನಲ್ಲಿ ಆ ಟೀಮು ಮೆಸ್ ಕಮಿಟಿ. ತರಕಾರಿ ತರಲು ದೇವರಾಜ ಮಾರುಕಟ್ಟೆಗೆ ಇಬ್ಬಿಬ್ಬರನ್ನು ಜೋಡಿ ಮಾಡಿ ಕಳಿಸುತ್ತಿದ್ದೆ, ಬೇರೆ ಬೇರೆ ಊರಿನವರನ್ನು. ಚೀಲದ ಒಂದೊಂದು ಕಿವಿ ಒಬ್ಬೊಬ್ಬರು ಹಿಡಿದುಕೊಂಡು ಬರುವಾಗ ಮಾತು ತಾನಾಗಿಯೇ ಶುರುವಾಗುತ್ತದೆ. ನಿಮ್ಮಲ್ಲೂ ಮೆಸ್ ಕಮಿಟಿ ಇದ್ದರೆ ಅವರಲ್ಲಿ ಇಬ್ಬರ ಹೆಸರು ಸೇರಿಸು.

ಇನ್ನೊಂದು ವಿಷಯ. ಆ ಟಿಬೆಟನ್ ಹುಡುಗಿಯರು ಬೈಲಕುಪ್ಪೆಯವರಾ ಕೇಳಿ ನೋಡು. ಮೈಸೂರು ರಾಜ್ಯ ಸರ್ಕಾರ ಜಾಗ ಕೊಟ್ಟು 1960ರ ಸುಮಾರಿಗೆ ಶುರುವಾದ ಊರು ಅದು. ಪಿರಿಯಾಪಟ್ಟಣ ತಾಲ್ಲೂಕು, ನಮ್ಮ ಜಿಲ್ಲೆಯೇ. ನನ್ನ ಹಾಸ್ಟೆಲ್‌ನಲ್ಲಿದ್ದ ಅಲ್ಲಿನ ಹುಡುಗಿಯೊಬ್ಬಳು ಒಂದು ಸಂಜೆ ನನ್ನ ಹತ್ತಿರ ಬಂದು ಅಚ್ಚ ಕನ್ನಡದಲ್ಲಿ ಹೇಳಿದಳು: 'ಮೇಡಂ, ನಾನು ಹುಟ್ಟಿದ್ದೇ ಇಲ್ಲಿ. ಬಂದು ನಾಲ್ಕು ತಿಂಗಳಾಯ್ತು. ಒಬ್ಬರೂ ನನ್ನನ್ನ ಕನ್ನಡದಲ್ಲಿ ಮಾತಾಡಿಸಲಿಲ್ಲ.'

ಇವತ್ತು ರಾತ್ರಿ ಊಟಕ್ಕೆ ನಿನ್ನ ತಟ್ಟೆ ತೆಗೆದುಕೊಂಡು ಅವರ ಟೇಬಲ್‌ಗೆ ಹೋಗು. ಜೊತೆಗೆ ಗೆಳತಿಯರ ದಂಡು ಬೇಡ, ಒಬ್ಬಳೇ ಹೋಗು. ಊರು ಯಾವುದು ಎಂದು ಆಮೇಲೆ ಕೇಳುವೆಯಂತೆ. ಮೊದಲು ಹೆಸರು ಕೇಳು, ಕನ್ನಡದಲ್ಲೇ ಕೇಳು. ಏನಾಯಿತು ಎಂದು ನನಗೆ ಬರೆ.